ತುದಿಗೆ ಹೋದ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿ

ಬೆಟ್ಟ–ಕಾಡು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಲೆನಾಡಿನ ಬೆಟ್ಟ ಹತ್ತುವವರು, ಹತ್ತಬೇಕು ಅಂದುಕೊಂಡವರು ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಚೀಲ ತುಂಬ ಪತ್ರ ಬಂದಿವೆ. ಹೊಸಬರಿಗಾಗಿ ನನ್ನ ಪರಿಚಯ ಇಷ್ಟೇ: ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿದೆ, 31 ವರ್ಷ ಕೆಲಸ ಮಾಡಿ ಫಾರೆಸ್ಟರ್ ಆಗಿ ನಿವೃತ್ತನಾದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಚಿಕ್ಕಮಗಳೂರು, ಶಿವಮೊಗ್ಗ ಕಡೆಯ ಗುಡ್ಡಗಳಲ್ಲಿ. ಈಗಲೂ ತಿಂಗಳಿಗೊಂದು ಬೆಟ್ಟಕ್ಕೆ ಹೋಗದಿದ್ದರೆ ನನಗೆ ಸಮಾಧಾನ ಇಲ್ಲ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಮಂಡಿನೋವು. ಮಗನಿಗೆ 7 ವರ್ಷ. ಇಬ್ಬರಿಗೂ ಒಂದು ಬೆಟ್ಟದ ತುದಿಯಿಂದ ಸೂರ್ಯೋದಯ ತೋರಿಸಬೇಕು ಅಂತ ಆಸೆ. ಜಾಸ್ತಿ ನಡೆಯದೆ ಹೋಗುವಂಥ ಬೆಟ್ಟ ಯಾವುದು? — ಒಬ್ಬ ತಾಯಿ, ದಾವಣಗೆರೆ

ಕುಂದಾದ್ರಿಗೆ ಹೋಗಿ ಅಮ್ಮ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಗುಡ್ಡೇಕೇರಿ ಹತ್ತಿರ ದಾರಿ ತಿರುಗುತ್ತದೆ. ಕಾರು ಮೇಲಿನವರೆಗೂ ಹೋಗುತ್ತದೆ. ಕೊನೆಯ ತಿರುವುಗಳು ಕಡಿದಾಗಿವೆ, ಹಾಗಾಗಿ ಘಾಟಿಯಲ್ಲಿ ಓಡಿಸಿ ರೂಢಿ ಇದ್ದವರೇ ಗಾಡಿ ಹಿಡಿಯಲಿ. ಅಲ್ಲಿಂದ ಮುಂದೆ ಇರುವುದು ಸ್ವಲ್ಪ ಮೆಟ್ಟಿಲು. ನಿಮ್ಮ ತಂದೆ ನಿಧಾನಕ್ಕೆ ಕೋಲು ಹಿಡಿದು ಹತ್ತಬಹುದು. ಎತ್ತರ 826 ಮೀಟರ್ ಅಷ್ಟೇ. ಆದರೆ ಅದು ಸುತ್ತಲಿನ ಕಾಡಿನ ನಡುವೆ ಒಂಟಿಯಾಗಿ ಎದ್ದು ನಿಂತ ಕಲ್ಲಿನ ಬೆಟ್ಟ, ಆದ್ದರಿಂದ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಮೇಲೆ ಪಾರ್ಶ್ವನಾಥ ಬಸದಿ ಇದೆ, ಬಂಡೆಯ ಮೇಲೆ ಕೊಳ ಇದೆ. ಕುಂದಕುಂದಾಚಾರ್ಯರ ಹೆಸರಿನಿಂದ ಬೆಟ್ಟಕ್ಕೆ ಆ ಹೆಸರು ಬಂತು ಎನ್ನುತ್ತಾರೆ. ಕೊಳದ ಹತ್ತಿರ ಮಗನ ಕೈ ಬಿಡಬೇಡಿ, ಬಂಡೆ ಜಾರುತ್ತದೆ.

ಡಿಸೆಂಬರ್ ಅಥವಾ ಜನವರಿಯಲ್ಲಿ ಹೋದರೆ ಮಗನಿಗೆ ಒಂದು ಒಳ್ಳೆ ಪಾಠವೂ ಸಿಗುತ್ತದೆ. ಬೆಳಿಗ್ಗೆ ಮೇಲೆ ನಿಂತಾಗ ಕೆಳಗಿನ ಗದ್ದೆ, ಅಡಿಕೆ ತೋಟ ಏನೂ ಕಾಣುವುದಿಲ್ಲ. ಪೂರ್ತಿ ಬಿಳಿ ಮಂಜು, ಹಾಲು ತುಂಬಿದ ಬಾಂಡ್ಲಿ ಥರ. ನೀವು ಮಾತ್ರ ಬಿಸಿಲಲ್ಲಿ ನಿಂತಿರುತ್ತೀರಿ. ಮೋಡ ಕೆಳಗೆ, ನಾವು ಮೇಲೆ ಹೇಗೆ ಅಂತ ಹುಡುಗ ಕೇಳೇ ಕೇಳುತ್ತಾನೆ. ಹೀಗೆ ಹೇಳಿ: ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿರುತ್ತದೆ, ನೆಲ ಬೇಗ ತಣಿಯುತ್ತದೆ. ತಣ್ಣನೆಯ ಗಾಳಿ ಭಾರ, ಅದು ನೀರಿನ ಹಾಗೆ ಗುಡ್ಡದ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ಶೇಖರವಾಗುತ್ತದೆ. ಗದ್ದೆ, ಹಳ್ಳದ ತೇವ ಅದರಲ್ಲಿ ಮಂಜಾಗುತ್ತದೆ. ಎಂಟೂವರೆ, ಒಂಬತ್ತರ ಹೊತ್ತಿಗೆ ಬಿಸಿಲು ಏರಿದಂತೆ ಅದು ಹರಿದು ಹರಿದು ಮೇಲೇಳುತ್ತದೆ. ಮೊದಲು ಒಂದು ತೆಂಗಿನ ತಲೆ, ಆಮೇಲೆ ಒಂದು ಹೆಂಚಿನ ಮನೆ, ಆಮೇಲೆ ರಸ್ತೆ. ತುಂಬ ಜನ ಸೂರ್ಯ ಹುಟ್ಟಿದ ಹತ್ತು ನಿಮಿಷಕ್ಕೆ ಫೋಟೋ ತೆಗೆದು ಕೆಳಗಿಳಿದು ಬಿಡುತ್ತಾರೆ. ಅವರಿಗೆ ಇದು ಕಾಣಿಸುವುದೇ ಇಲ್ಲ. ನೀವು ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗಿ, ಒಂಬತ್ತರವರೆಗೆ ಕೂತಿರಿ.

ಮುಳ್ಳಯ್ಯನಗಿರಿಗೂ ಕಾರು ಬಹಳ ಮೇಲಿನವರೆಗೆ ಹೋಗುತ್ತದೆ. ಆದರೆ ಕೊನೆಗೆ ನೂರಾರು ಮೆಟ್ಟಿಲು ಇವೆ, ಮಂಡಿಗೆ ಬೇಡ. ಕೊಡಚಾದ್ರಿ ಜೀಪು ನಿಮ್ಮ ತಂದೆಯ ಬೆನ್ನಿಗೆ ಖಂಡಿತ ಬೇಡ. ಮೈಸೂರು ಕಡೆ ಹೋಗುವುದಿದ್ದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇದೆ, 1,454 ಮೀಟರ್. ಖಾಸಗಿ ಗಾಡಿ ಬಿಡುವುದಿಲ್ಲ, ತಪ್ಪಲಿನಿಂದ ಸರ್ಕಾರಿ ಬಸ್ ಕರೆದುಕೊಂಡು ಹೋಗುತ್ತದೆ. ವಯಸ್ಸಾದವರಿಗೆ ಅದು ಅನುಕೂಲ.

ಪ್ರಶ್ನೆ: ಸರ್, ನಾವು ಐದು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಇದುವರೆಗೆ ನಂದಿ ಬೆಟ್ಟ, ಶಿವಗಂಗೆ ಹತ್ತಿದ್ದೇವೆ. ಕುಮಾರ ಪರ್ವತವನ್ನು ಕುಕ್ಕೆಯಿಂದ ಹತ್ತಿ ಒಂದೇ ದಿನದಲ್ಲಿ ಇಳಿಯಬಹುದಾ? — ತುಮಕೂರು

ತಮ್ಮಾ, ಮೊದಲು ಒಂದು ಲೆಕ್ಕ ಮಾಡೋಣ. ಸ್ಕಾಟ್ಲೆಂಡಿನಲ್ಲಿ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಹೇಳಿದ. ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಮಾರ ಪರ್ವತದ ತುದಿ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಂದರೆ ನೀವು 1,500 ಮೀಟರಿಗೂ ಜಾಸ್ತಿ ಏರಬೇಕು. ಒಂದು ಕಡೆಯ ದೂರ 12–13 ಕಿಲೋಮೀಟರ್. ದೂರಕ್ಕೆ ಎರಡೂವರೆ ಗಂಟೆ, ಏರಿಕೆಗೆ ಎರಡೂವರೆ ಗಂಟೆ, ಒಟ್ಟು ಐದು. ಇದು ಎಲ್ಲೂ ಕೂರದೆ, ನೀರು ಕುಡಿಯಲೂ ನಿಲ್ಲದೆ ಹತ್ತುವ ಗಟ್ಟಿ ಆಳಿನ ಲೆಕ್ಕ. ಅದೂ ಸ್ಕಾಟ್ಲೆಂಡಿನ ತಂಪಿನಲ್ಲಿ. ನಮ್ಮ ಬಿಸಿಲಿಗೆ, ಬೆನ್ನ ಮೇಲಿನ ಚೀಲಕ್ಕೆ, ಹೊಸಬರಿಗೆ ಏಳು ಗಂಟೆ ಇಟ್ಟುಕೊಳ್ಳಿ. ಇಳಿಯಲು ಐದು. ಹನ್ನೆರಡು ಗಂಟೆ ಆಯಿತು. ಡಿಸೆಂಬರಿನಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಐದೂವರೆಗೇ ಕತ್ತಲು. ಈಗ ನೀವೇ ಹೇಳಿ.

ಈ ಚಾರಣದಲ್ಲಿ ಜನ ಎರಡು ಕಡೆ ಸೋಲುತ್ತಾರೆ. ಮೊದಲನೆಯದು ಗಿರಿಗದ್ದೆ ದಾಟಿದ ಮೇಲೆ. ಕುಕ್ಕೆಯಿಂದ ಗಿರಿಗದ್ದೆ ಭಟ್ಟರ ಮನೆಯವರೆಗೆ ದಾರಿ ಹೆಚ್ಚಾಗಿ ಕಾಡಿನ ನೆರಳಲ್ಲಿ ಸಾಗುತ್ತದೆ. ಅಲ್ಲಿಂದ ಮುಂದೆ ಹುಲ್ಲುಗುಡ್ಡ, ಒಂದು ಮರದ ನೆರಳೂ ಸಿಗುವುದಿಲ್ಲ. ಹತ್ತು ಗಂಟೆಯ ಮೇಲೆ ಆ ಬಿಸಿಲಲ್ಲಿ ಹತ್ತಿದರೆ ಎರಡು ಲೀಟರ್ ನೀರು ದಾರಿಯಲ್ಲಿ ಸಿಗುವ ಕಲ್ಲು ಮಂಟಪದ ಹೊತ್ತಿಗೆ ಖಾಲಿ. ಎರಡನೆಯದು ಶೇಷ ಪರ್ವತ. ಅದನ್ನು ಹತ್ತಿ, ಇದೇ ತುದಿ ಅಂತ ಖುಷಿಪಟ್ಟು, ಆಮೇಲೆ ಮುಂದೆ ಇನ್ನೊಂದು ಬೆಟ್ಟ ಕಂಡಾಗ ಕಾಲಿನ ಶಕ್ತಿ ಅರ್ಧ ಹೋಗಿಬಿಡುತ್ತದೆ. ನಿಜವಾದ ತುದಿ ಅಲ್ಲಿಂದ ಒಂದು ಕಾಡಿನ ತುಂಡು ದಾಟಿ ಮತ್ತೆ ಏರಬೇಕು.

ಒಂದು ಸಲ ರಜೆಯಲ್ಲಿ ನಾನೂ ನನ್ನ ತಮ್ಮನೂ ಇದೇ ಬೆಟ್ಟದಿಂದ ಇಳಿಯುತ್ತಿದ್ದೆವು. ಸಂಜೆ ಏಳು ಗಂಟೆ. ದಾರಿಯಲ್ಲಿ ನಿಮ್ಮ ವಯಸ್ಸಿನ ನಾಲ್ಕು ಹುಡುಗರು ಕೂತಿದ್ದರು. ಒಬ್ಬನಿಗೆ ತೊಡೆಯ ಸ್ನಾಯು ಹಿಡಿದು ಕಾಲು ಮಡಚಲು ಆಗುತ್ತಿಲ್ಲ. ಟಾರ್ಚ್ ಇಲ್ಲ, ಮೊಬೈಲ್ ಬ್ಯಾಟರಿ ಎಲ್ಲ ಫೋಟೋಗೆ ಮುಗಿದಿದೆ, ನೀರು ಇಲ್ಲ. ಅವನನ್ನು ಎರಡೂ ಕಡೆ ಹಿಡಿದುಕೊಂಡು ಭಟ್ಟರ ಮನೆಗೆ ತಲುಪುವಾಗ ಹತ್ತು ದಾಟಿತ್ತು. ಆ ಹುಡುಗ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ, "ಅಂಕಲ್, ಅಮ್ಮನಿಗೆ ಫೋನ್ ಮಾಡಬೇಕು." ನನಗೆ ಅದು ಈಗಲೂ ಕಿವಿಯಲ್ಲಿದೆ.

ಹಾಗಂತ ಹೋಗಬೇಡಿ ಅಂತ ಹೇಳುತ್ತಿಲ್ಲ. ಈ ವರ್ಷ ಕೊಡಗಿನ ತಡಿಯಂಡಮೋಳ್ ಹತ್ತಿ. ಅದು 1,748 ಮೀಟರ್, ಕುಮಾರ ಪರ್ವತಕ್ಕಿಂತ ಎತ್ತರ. ಆದರೆ ನೀವು ಶುರು ಮಾಡುವ ಜಾಗವೇ ಎತ್ತರದಲ್ಲಿದೆ, ದೂರವೂ ಅರ್ಧ. ಬುಡದಲ್ಲಿ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ, ಅದನ್ನೂ ನೋಡಿ. ಅಲ್ಲಿ ನಿಮ್ಮ ಹೆಜ್ಜೆಯ ವೇಗ ಎಷ್ಟು, ನೀರು ಎಷ್ಟು ಬೇಕು ಅಂತ ಬರೆದುಕೊಳ್ಳಿ. ಮುಂದಿನ ವರ್ಷ ಆ ಲೆಕ್ಕ ಇಟ್ಟುಕೊಂಡು ಕುಮಾರ ಪರ್ವತ. ಕುಕ್ಕೆ ಬಿಟ್ಟು ಕೊಡಗಿನ ಬೀದಳ್ಳಿ ಕಡೆಯಿಂದ ಹತ್ತಿದರೆ ದಾರಿ ಗಿಡ್ಡ. ಎರಡೂ ಬೆಟ್ಟಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು. ಮಳೆಗಾಲದಲ್ಲಿ, ಬೆಂಕಿಯ ಕಾಲದಲ್ಲಿ ಮುಚ್ಚಿರುತ್ತಾರೆ. ಹೊರಡುವ ಮೊದಲು ವಿಚಾರಿಸಿ. ಟಾರ್ಚ್ ತಲೆಗೊಂದು ಇರಲಿ, ಮೊಬೈಲ್ ಬೆಳಕನ್ನು ಟಾರ್ಚ್ ಅಂತ ಲೆಕ್ಕ ಹಾಕಬೇಡಿ.

ಪ್ರಶ್ನೆ: ಬೆಟ್ಟದ ಮೇಲೆ ಡ್ರೋನ್ ಹಾರಿಸಬಹುದೇ? ತುದಿಯಲ್ಲಿ ಟೆಂಟ್ ಹಾಕಬಹುದೇ? — ಬೆಂಗಳೂರು

ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳಲ್ಲಿ ಅನುಮತಿ ಇಲ್ಲದೆ ಎರಡೂ ಇಲ್ಲ. ಕುದುರೆಮುಖ, ಪುಷ್ಪಗಿರಿ, ಮೂಕಾಂಬಿಕಾ ಎಲ್ಲ ಅದೇ ಲೆಕ್ಕಕ್ಕೆ ಬರುತ್ತವೆ. ಬಂಡೆಯ ಸಂದಿಯಲ್ಲಿ ಗೂಡು ಕಟ್ಟಿದ ಹದ್ದು, ಗಿಡುಗಗಳಿಗೆ ಡ್ರೋನ್ ಅಂದರೆ ಶತ್ರು. ಬೆಟ್ಟ ಅವುಗಳ ಮನೆ, ಅಲ್ವಾ?

ಪ್ರಶ್ನೆ: ಕಾಡಿನಲ್ಲಿ ಒಂದು ಗುಡ್ಡದ ಮೇಲೆ ವಾಚ್ ಟವರ್ ನೋಡಿದೆವು. ಬೀಗ ಹಾಕಿತ್ತು. ಕೇಳಿದರೆ ಹತ್ತಲು ಬಿಡಲಿಲ್ಲ. ಜನರಿಗೆ ನೋಡಲು ಅಲ್ಲದಿದ್ದರೆ ಅದನ್ನು ಯಾಕೆ ಕಟ್ಟಿದ್ದಾರೆ? — ಹಾಸನ

ನಿಮ್ಮ ಬೇಸರ ಅರ್ಥವಾಗುತ್ತದೆ. ಇದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಆ ಟವರ್ ನನ್ನ ಆಫೀಸಾಗಿತ್ತು.

ಕಾಡಿನಲ್ಲಿ ಮೂರು ಥರದ ಗೋಪುರ ಇವೆ. ಪ್ರಾಣಿ ನೋಡಲು ಕೆರೆಯ ಪಕ್ಕ ಕಟ್ಟಿದ್ದು ಒಂದು. ಪ್ರವಾಸಿಗರಿಗೆ ಅಂತಲೇ ಕಟ್ಟಿದ್ದು ಇನ್ನೊಂದು, ಅದಕ್ಕೆ ಬೀಗ ಇರುವುದಿಲ್ಲ. ಮೂರನೆಯದು ಬೆಂಕಿ ಕಾಯಲು. ನೀವು ನೋಡಿದ್ದು ಮೂರನೆಯದು ಇರಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನನ್ನು ಫೆಬ್ರುವರಿಯಿಂದ ಮೇ ತಿಂಗಳವರೆಗೆ ಒಂದು ಟವರ್‌ಗೆ ಹಾಕಿದರು. ನಾಲ್ಕು ಕಬ್ಬಿಣದ ಕಂಬ, ಹಲಗೆ ನೆಲ, ಮೇಲೆ ತಗಡು. ನಲವತ್ತು ಅಡಿ ಏಣಿ. ಸಾಮಾನು ಅಂದರೆ ಒಂದು ದುರ್ಬೀನು, ಒಂದು ದಿಕ್ಸೂಚಿ, ವೈರ್‌ಲೆಸ್ ಸೆಟ್, ಒಂದು ರಿಜಿಸ್ಟರ್. ಕುಡಿಯುವ ನೀರನ್ನು ಒಂದೂವರೆ ಮೈಲಿ ಕೆಳಗಿನ ಹಳ್ಳದಿಂದ ಹೊತ್ತು ತರಬೇಕು. ಜೊತೆಗೆ ಒಬ್ಬ ವಾಚರ್. ವಯಸ್ಸು ಅರವತ್ತರ ಹತ್ತಿರ, ನಾನು ಅಜ್ಜ ಅಂತಲೇ ಕರೆಯುತ್ತಿದ್ದೆ. ಮಳೆಗಾಲದಲ್ಲಿ ಅವರಿಗೆ ಗದ್ದೆ ಕೆಲಸ, ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸ. ಇಪ್ಪತ್ತು ಬೇಸಿಗೆ ಅದೇ ಗುಡ್ಡದ ಮೇಲೆ ಕಳೆದವರು.

ಮೊದಲ ದಿನ ನನಗೆ ಎಲ್ಲ ಕಡೆ ಹೊಗೆಯೇ ಕಂಡಿತು. ಗಾಬರಿಯಾಗಿ ವೈರ್‌ಲೆಸ್ ಹಿಡಿದೆ. ಅಜ್ಜ ನನ್ನ ಕೈ ಹಿಡಿದು ಕೂರಿಸಿದರು. "ಅದು ಬಚ್ಚಲ ಒಲೆ. ಅದು ಆಲೆಮನೆ. ಅದು ತೋಟದಲ್ಲಿ ತರಗು ಸುಡೋದು. ಅವೆಲ್ಲ ದಿನಾ ಅದೇ ಜಾಗದಲ್ಲಿ ಏಳ್ತವೆ. ನೀನು ದಿನಾ ಇರೋದನ್ನ ಮೊದಲು ಕಲಿ. ಇಲ್ಲದೇ ಇರೋದು ಆಮೇಲೆ ತಾನಾಗಿ ಕಾಣ್ತದೆ." ಆ ನಂತರ ಒಂದು ವಾರ ನಾನು ಮಾಡಿದ್ದು ಅದನ್ನೇ. ಯಾವ ಹೊಗೆ ಯಾರ ಮನೆಯದು, ಎಷ್ಟು ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಕಲಿತೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮೂರನೇ ಗುಡ್ಡದ ಸಾಲಿನ ಹಿಂದೆ ಒಂದು ದಾರದಷ್ಟು ಹೊಗೆ ಎದ್ದಿತು. ನನಗೂ ಅಜ್ಜನಿಗೂ ಒಟ್ಟಿಗೆ ಕಂಡಿತು. ಅಲ್ಲಿ ಮನೆ ಇಲ್ಲ. ದಿಕ್ಸೂಚಿ ಇಟ್ಟು ಎಷ್ಟು ಡಿಗ್ರಿ ಅಂತ ನೋಡಿ ವೈರ್‌ಲೆಸ್‌ನಲ್ಲಿ ಹೇಳಿದೆ. ಬೇರೆ ಗುಡ್ಡದ ಟವರ್‌ನಲ್ಲಿ ಇದ್ದವನು ತನ್ನ ಕಡೆಯಿಂದ ಡಿಗ್ರಿ ಹೇಳಿದ. ರೇಂಜ್ ಆಫೀಸಿನಲ್ಲಿ ನಕ್ಷೆಯ ಮೇಲೆ ಎರಡು ಗೆರೆ ಎಳೆದರು. ಅವು ಸೇರಿದ ಕಡೆಯೇ ಬೆಂಕಿ. ನಮ್ಮವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಹೋಗಿ ಬಡಿದು ಆರಿಸಿದರು. ಸುಟ್ಟಿದ್ದು ಐದಾರು ಎಕರೆ ಹುಲ್ಲು ಮಾತ್ರ. ಇನ್ನೊಂದು ಗಂಟೆ ತಡವಾಗಿದ್ದರೆ ಅದು ಕೆಳಗಿನ ಶೋಲಾ ಕಾಡಿನ (ಹುಲ್ಲುಗುಡ್ಡಗಳ ನಡುವಿನ ಕಣಿವೆಯ ಹಸಿರು ಕಾಡು) ಅಂಚಿಗೆ ಬರುತ್ತಿತ್ತು.

ಎರಡು ಎತ್ತರದ ಜಾಗದಿಂದ ಕೋನ ಅಳೆದು ಮೂರನೆಯ ಜಾಗ ಕಂಡುಹಿಡಿಯುವ ಈ ವಿದ್ಯೆ ನಮ್ಮ ಬೆಟ್ಟಗಳಿಗೆ ಹಳೆಯದು. ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1802ರಲ್ಲಿ ಮದ್ರಾಸಿನ ಹತ್ತಿರ ಭೂಮಾಪನ ಶುರು ಮಾಡಿ, 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಆಧಾರ ರೇಖೆ (ಲೆಕ್ಕಕ್ಕೆ ಬುನಾದಿಯಾಗುವ ನೆಲದ ಗೆರೆ) ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ ಘಟ್ಟ ದಾಟಿ ಮಂಗಳೂರಿನ ಕಡಲು ತಲುಪಿದ. ಕೋನ ಅಳೆಯುವ ಅವನ ಥಿಯೋಡೊಲೈಟ್ ಯಂತ್ರದ ತೂಕವೇ ಅರ್ಧ ಟನ್. ಅದನ್ನು ಹೊತ್ತ ಕೂಲಿಗಳನ್ನು ನಾನು ಬೆಟ್ಟ ಹತ್ತುವಾಗೆಲ್ಲ ನೆನೆಯುತ್ತೇನೆ.

ಈಗ ಉಪಗ್ರಹ ಬಂದಿದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಚಿತ್ರದಲ್ಲಿ ಬಿಸಿ ಚುಕ್ಕೆ ಕಂಡ ಕೂಡಲೇ ಸ್ಥಳೀಯ ಸಿಬ್ಬಂದಿಗೆ ಮೊಬೈಲ್ ಸಂದೇಶ ಕಳಿಸುತ್ತದೆ. ಬಹಳ ಒಳ್ಳೆಯದು. ಆದರೆ ಆ ಉಪಗ್ರಹಗಳು ನಮ್ಮ ತಲೆಯ ಮೇಲೆ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತವೆ. ನಡುವಿನ ಹೊತ್ತಿನಲ್ಲಿ ಹುಲ್ಲುಗುಡ್ಡದ ಬೆಂಕಿ ಗಾಳಿ ಸಿಕ್ಕರೆ ಓಡುತ್ತದೆ, ಮನುಷ್ಯನಿಗಿಂತ ವೇಗವಾಗಿ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಪ್ರಾಣ ಕಳೆದುಕೊಂಡರು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಚಾರಣಕ್ಕೆ ಹೋದ ಇಪ್ಪತ್ತಕ್ಕೂ ಹೆಚ್ಚು ಜನ ಹುಲ್ಲಿನ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಬೇಸಿಗೆಯಲ್ಲಿ ಬೆಟ್ಟ ಮುಚ್ಚುತ್ತಾರೆ ಅಂತ ಸಿಟ್ಟು ಮಾಡಿಕೊಳ್ಳುವವರಿಗೆ ನಾನು ಈ ಎರಡನ್ನೂ ಹೇಳುತ್ತೇನೆ. ನಮ್ಮ ಕಾಡಿನ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯನ ಕೈಯಿಂದಲೇ ಹುಟ್ಟುವುದು. ಹೊಸ ಹುಲ್ಲು ಬರಲಿ ಅಂತ ಹಚ್ಚಿದ್ದು, ಆರಿಸದೆ ಎಸೆದ ಬೀಡಿ, ಚಹಾ ಕಾಸಲು ಹೂಡಿದ ಕಲ್ಲು.

ಹಾಗಾಗಿ ಬೀಗ ಇದ್ದರೆ ಬೇಸರ ಬೇಡ. ಬೆಂಕಿ ಕಾಲ ಅಲ್ಲದಾಗ ರೇಂಜ್ ಆಫೀಸಿಗೆ ಹೋಗಿ ಕೇಳಿ. ಟವರ್ ಗಟ್ಟಿ ಇದ್ದರೆ, ಸಿಬ್ಬಂದಿ ಜೊತೆಗೆ ಬರಲು ಆದರೆ, ಕೆಲವು ಕಡೆ ಹತ್ತಿಸುತ್ತಾರೆ. ಮಳೆಯಲ್ಲಿ ಹಲಗೆ ಕೊಳೆತು, ಕಬ್ಬಿಣ ತುಕ್ಕು ಹಿಡಿದ ಎಷ್ಟೋ ಟವರ್‌ಗಳಿವೆ. ಅಂಥದಕ್ಕೆ ಬೀಗ ಇಲ್ಲದಿದ್ದರೂ ಹತ್ತಬೇಡಿ.

ಪ್ರಶ್ನೆ: ಕೊಡಚಾದ್ರಿಯಿಂದ ಸಮುದ್ರ ಕಾಣುತ್ತದೆ ಎಂದು ಜೀಪ್ ಡ್ರೈವರ್ ಹೇಳಿದರು. ನನ್ನ ಸ್ನೇಹಿತ ಕಂಡಿತು ಎನ್ನುತ್ತಾನೆ. ನನಗೆ ಕಂಡಿದ್ದು ಬರೀ ಬಿಳಿ ಮಬ್ಬು. ಯಾರು ಸರಿ? — ಚಿತ್ರದುರ್ಗ

ಡ್ರೈವರ್ ಸರಿ. ಸ್ನೇಹಿತರ ಮಾತನ್ನೂ ನಂಬಿ. ಎತ್ತರದಿಂದ ದಿಗಂತ ಎಷ್ಟು ದೂರ ಅಂತ ತಿಳಿಯಲು ಸುಲಭ ಲೆಕ್ಕ ಇದೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲ ಮಾಡಿ, 3.57ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಕೊಡಚಾದ್ರಿ 1,343 ಮೀಟರ್. ವರ್ಗಮೂಲ ಸುಮಾರು 36.6. ಗುಣಿಸಿದರೆ 130 ಕಿಲೋಮೀಟರ್ ದಾಟುತ್ತದೆ. ಬೈಂದೂರಿನ ಕಡಲ ದಂಡೆ ಹಕ್ಕಿ ಹಾರುವ ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಆಸುಪಾಸು. ಅಂದರೆ ದಂಡೆ ಮಾತ್ರ ಅಲ್ಲ, ಅದರಾಚೆ ನೂರು ಕಿಲೋಮೀಟರ್ ನೀರು ನಿಮ್ಮ ಕಣ್ಣ ಮುಂದೆ ಇತ್ತು. ಮುಚ್ಚಿದ್ದು ಮಬ್ಬು.

ನೀವು ಯಾವ ತಿಂಗಳು ಹೋಗಿದ್ದಿರಿ ಬರೆದಿಲ್ಲ. ಮಾರ್ಚ್, ಏಪ್ರಿಲ್ ಇರಬಹುದು ಅನ್ನಿಸುತ್ತದೆ. ಆಗ ಗಾಳಿಯಲ್ಲಿ ಧೂಳು, ಹೊಗೆ, ಕಡಲಿನ ತೇವ ಎಲ್ಲ ಸೇರಿರುತ್ತದೆ. ಮಳೆ ಗಾಳಿಯನ್ನು ತೊಳೆದು ಹೋದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೋಗಿ. ಸರ್ವಜ್ಞ ಪೀಠದ ಕಲ್ಲುಮಂಟಪದ ಹತ್ತಿರ ಸಂಜೆ ನಾಲ್ಕೂವರೆಗೇ ಕೂತುಬಿಡಿ. ನೀರನ್ನು ನೀಲಿ ಬಣ್ಣದಲ್ಲಿ ಹುಡುಕಬೇಡಿ. ಸೂರ್ಯ ಇಳಿದಂತೆ ಅವನ ಕೆಳಗೆ ತಗಡಿನ ಹಾಗೆ ಹೊಳೆಯುವ ಒಂದು ಪಟ್ಟಿ ಕಾಣುತ್ತದೆ. ಅದೇ ಅರಬ್ಬೀ ಸಮುದ್ರ. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ, ಸಾಕಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಅದಕ್ಕೆ ಸರಿಯಾಗಿ ಜಾಗ ಹಿಡಿಯಿರಿ. ಇಳಿಯಲು ಜೀಪು ಎಷ್ಟು ಹೊತ್ತಿನವರೆಗೆ ಕಾಯುತ್ತದೆ ಅಂತ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಶಾಲಾ ಮಕ್ಕಳನ್ನು ಹತ್ತಿರದ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇವೆ. ಸಿಡಿಲಿನ ಭಯ. ಏನು ಮಾಡಬೇಕು? — ಒಬ್ಬ ಶಿಕ್ಷಕಿ, ಸಕಲೇಶಪುರ

ಮೇಡಂ, ಬೆಳಿಗ್ಗೆ ಹತ್ತಿ, ಹನ್ನೆರಡರೊಳಗೆ ಇಳಿದುಬಿಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಮಕ್ಕಳಿಗೆ ಇದನ್ನು ಕಲಿಸಿ: ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ತುದಿಯಲ್ಲಿ ನಿಲ್ಲುವ ಹಾಗಿಲ್ಲ. ವೀಕ್ಷಣಾ ಗೋಪುರ, ಒಂಟಿ ಮರ, ತಗಡಿನ ಚಪ್ಪರ ಬೇಡ. ಶಾಲೆಯ ಬಸ್ಸು ಬುಡದಲ್ಲೇ ಇರಲಿ, ಕಿಟಕಿ ಮುಚ್ಚಿ ಒಳಗೆ ಕೂರಿಸಿ. ಅದು ಒಳ್ಳೆ ಆಸರೆ.

ಪ್ರಶ್ನೆ: ಮಗಳು ಅಮೆರಿಕದಿಂದ ಡಿಸೆಂಬರ್‌ನಲ್ಲಿ ಬರುತ್ತಾಳೆ. ಮಲೆನಾಡಿನ ಬೆಟ್ಟ ಹತ್ತಬೇಕಂತೆ. ಮಂಗನ ಕಾಯಿಲೆ ಬಗ್ಗೆ ಕೇಳಿ ಹೆದರಿಕೆಯಾಗಿದೆ. ಇಂಬಳದ ಕಾಟವೂ ಇದೆಯಲ್ಲ? — ಮೈಸೂರು

ಇಂಬಳಕ್ಕೆ ಹೆದರಬೇಡಿ. ಅದು ಮಳೆಗಾಲದ ಜೀವ, ಡಿಸೆಂಬರಿಗೆ ಒಣಗಿದ ದಾರಿಯಲ್ಲಿ ಸಿಗುವುದು ಅಪರೂಪ. ಹತ್ತಿದರೂ ಸುಣ್ಣವೋ ಉಪ್ಪೋ ಹಾಕಿದರೆ ಬಿಡುತ್ತದೆ. ಸ್ವಲ್ಪ ರಕ್ತ ಸೋರುತ್ತದೆ, ಅಷ್ಟೇ.

ಮಂಗನ ಕಾಯಿಲೆಯ ಮಾತು ಬೇರೆ, ಅದಕ್ಕೆ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಿದ್ದು. ಹರಡುವುದು ಉಣುಗು. ಡಿಸೆಂಬರ್‌ನಿಂದ ಮೇವರೆಗೆ, ಒಣ ತರಗೆಲೆಯಲ್ಲಿ ಎಳ್ಳಿನ ಕಾಳಿಗಿಂತ ಸಣ್ಣ ಮರಿ ಉಣುಗು ತುಂಬಿರುವ ಕಾಲದಲ್ಲಿ ಇದು ಜಾಸ್ತಿ. ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಆ ಕಡೆ ಮಂಗ ಸತ್ತ ಸುದ್ದಿ ಇದೆಯೇ ಅಂತ ಕೇಳಿ. ಇದ್ದರೆ ಬೇರೆ ಬೆಟ್ಟ ಆರಿಸಿ. ಮಗಳಿಗೆ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ ಕಟ್ಟಿಕೊಳ್ಳಲು ಹೇಳಿ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಲಿ. ತರಗೆಲೆ ಮೇಲೆ ಕೂರಬೇಡಿ, ಬಂಡೆ ಮೇಲೆ ಕೂರಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯಲು. ಮುಂದಿನ ಎರಡು ವಾರದೊಳಗೆ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ನಾನು ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಮೊದಲ ಮಾತಿನಲ್ಲೇ ಹೇಳಬೇಕು. ಅಮೆರಿಕಕ್ಕೆ ಹೋದ ಮೇಲೆ ಬಂದರೂ ಹೇಳಬೇಕು. ಅಲ್ಲಿನ ಡಾಕ್ಟರಿಗೆ ಇದು ಹೊಳೆಯುವುದಿಲ್ಲ.

ಪ್ರಶ್ನೆ: ನಾನು ಜರ್ಮನಿಯ ಫ್ರೈಬುರ್ಗ್‌ನಲ್ಲಿ ಓದುತ್ತಿದ್ದೇನೆ, ಊರು ಕೊಪ್ಪ. ಇಲ್ಲಿನ ಬ್ಲ್ಯಾಕ್ ಫಾರೆಸ್ಟ್ ಕಾಡಿನಲ್ಲಿ ಬಹಳ ಬೆಟ್ಟಗಳ ಮೇಲೆ ವೀಕ್ಷಣಾ ಗೋಪುರ ಇವೆ. ಎದುರಿಗೆ ಕಾಣುವ ಪ್ರತಿ ಶಿಖರದ ಹೆಸರು ಬರೆದ ಫಲಕ ಇಡುತ್ತಾರೆ. ಫೆಲ್ಡ್‌ಬರ್ಗ್ 1,493 ಮೀಟರ್. ಅಲ್ಲಿಂದ ತಿಳಿ ದಿನ ಆಲ್ಪ್ಸ್ ಕಾಣುತ್ತದೆ, ಅದರ ಹೆಸರುಗಳೂ ಫಲಕದಲ್ಲಿ ಇವೆ. ಆಗ ನನಗೆ ನಾಚಿಕೆಯಾಯಿತು ಸರ್. ಮುಳ್ಳಯ್ಯನಗಿರಿಗೆ ಹತ್ತು ಸಲ ಹೋಗಿದ್ದೇನೆ, ಎದುರಿಗಿನ ಒಂದು ಗುಡ್ಡದ ಹೆಸರೂ ನನಗೆ ಗೊತ್ತಿಲ್ಲ. ಹೇಗೆ ಕಲಿಯೋದು?

ಮಗಳೇ, ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ನಿನ್ನದು. ನಾಚಿಕೆ ಬೇಡ. ನಮ್ಮಲ್ಲಿ ಹೇಳಿಕೊಡುವವರು ಕಡಿಮೆಯಾಗಿದ್ದಾರೆ. ಅಂಥ ಫಲಕ ನಮ್ಮ ಪ್ರತಿ ಬೆಟ್ಟದ ಮೇಲೂ ಬೇಕು ಅಂತ ನನಗೂ ಬಹಳ ಆಸೆ. ಸಿಮೆಂಟಿನ ಸೆಲ್ಫಿ ಕಟ್ಟೆಗಿಂತ ಅದು ಎಷ್ಟೋ ಮೇಲು.

ರಜೆಗೆ ಬಂದಾಗ ಹೀಗೆ ಮಾಡು. ಮುಳ್ಳಯ್ಯನಗಿರಿಯ ತುದಿಯಲ್ಲಿ ಗುಡಿಯ ಹಿಂದೆ ಜನ ಕಡಿಮೆ ಇರುವ ಕಡೆ ಕೂರು. 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಮೊದಲು ನೀನು ಕೂತಿರುವ ಬೆಟ್ಟದ ಆಕಾರ ನೋಡು. ಸಾಲು ನೇರ ಇಲ್ಲ, ಬಾಗಿದೆ. ಅರ್ಧಚಂದ್ರದ ಹಾಗೆ ಬಾಗಿದ್ದರಿಂದಲೇ ಚಂದ್ರದ್ರೋಣ ಅನ್ನುವುದು. ಆ ಬಾಗಿನ ಒಳಗಿನ ಹೊಂಡವೇ ಜಾಗರ ಕಣಿವೆ. ಉತ್ತರಕ್ಕೆ ಹೋಗುವ ಏಣಿನ ಮೇಲೆ ಬಾಬಾಬುಡನ್‌ಗಿರಿ, ಅದರಾಚೆ ಕೆಮ್ಮಣ್ಣುಗುಂಡಿ. ಆಗ್ನೇಯಕ್ಕೆ ಕೆಳಗೆ ಚಿಕ್ಕಮಗಳೂರು ಪೇಟೆ. ಪೂರ್ವಕ್ಕೆ ಬಯಲುಸೀಮೆ, ಕೆರೆಗಳು ಕನ್ನಡಿ ಚೂರಿನ ಹಾಗೆ ಹೊಳೆಯುತ್ತವೆ. ಈಗ ಪಶ್ಚಿಮಕ್ಕೆ ತಿರುಗಿ, ಸ್ವಲ್ಪ ಎಡಕ್ಕೆ ನೋಡು. ಐವತ್ತೈದು ಕಿಲೋಮೀಟರ್ ಆಚೆ ಘಟ್ಟದ ಅಂಚಿನ ಗೋಡೆ ಕಾಣುತ್ತದೆ. ಅದರಲ್ಲಿ ಎದ್ದು ನಿಂತಿರುವುದು ಕುದುರೆಮುಖ. ಇಲ್ಲಿಂದ ನೋಡಿದರೆ ಕುದುರೆಯ ಹಾಗೆ ಕಾಣುವುದಿಲ್ಲ. ಕಡಲ ಕಡೆಯಿಂದ ನೋಡಿದವರು ಇಟ್ಟ ಹೆಸರು ಅದು. ಒಂದೇ ಬೆಟ್ಟ, ಯಾವ ಕಡೆಯವರು ನೋಡಿದರು ಅನ್ನುವುದರ ಮೇಲೆ ಹೆಸರು. ಕುಕ್ಕೆ ಕಡೆಯವರ ಕುಮಾರ ಪರ್ವತವನ್ನು ಕೊಡಗಿನವರು ಪುಷ್ಪಗಿರಿ ಅನ್ನುತ್ತಾರಲ್ಲ, ಹಾಗೆ.

ಆಮೇಲೆ ಒಂದು ನೋಟ್‌ಬುಕ್ ತೆಗೆದು ಎದುರಿಗಿನ ಗುಡ್ಡಗಳ ಸಾಲನ್ನು ಪೆನ್ಸಿಲ್‌ನಲ್ಲಿ ಎಳೆ. ಚಿತ್ರ ಬರದಿದ್ದರೂ ಪರವಾಗಿಲ್ಲ, ಮೇಲಿನ ಅಂಚಿನ ಗೆರೆ ಒಂದು ಸಾಕು. ಫೋಟೋ ತೆಗೆದರೆ ಕಣ್ಣು ಕೆಲಸ ಮಾಡುವುದಿಲ್ಲ, ಗೆರೆ ಎಳೆಯುವಾಗ ಮಾಡುತ್ತದೆ. ಪ್ರತಿ ತುದಿಯ ಮೇಲೆ ಮೊಬೈಲಿನ ದಿಕ್ಸೂಚಿ ನೋಡಿ ಡಿಗ್ರಿ ಬರೆದುಕೋ. ಮನೆಗೆ ಬಂದು ನಕ್ಷೆಯ ಮೇಲೆ ಆ ಡಿಗ್ರಿಗೆ ಗೆರೆ ಎಳೆದರೆ ಹೆಸರು ತಾನಾಗಿ ಸಿಗುತ್ತದೆ. ನಕ್ಷೆಯಲ್ಲಿ ಇಲ್ಲದ ಸಣ್ಣ ಗುಡ್ಡಗಳಿಗೆ ದಾರಿಯಲ್ಲಿ ದನ ಕಾಯುವವರನ್ನು, ಕಾಫಿ ತೋಟದ ಆಳುಗಳನ್ನು ಕೇಳು. ನಮ್ಮ ಟವರ್‌ನ ಅಜ್ಜನಿಗೆ ಹೀಗೆ ನಲವತ್ತಕ್ಕೂ ಹೆಚ್ಚು ಹೆಸರು ಬಾಯಿಗೆ ಬರುತ್ತಿದ್ದವು. ಅರ್ಧದಷ್ಟು ಯಾವ ನಕ್ಷೆಯಲ್ಲೂ ಇರಲಿಲ್ಲ. ನಾನು ರಿಜಿಸ್ಟರಿನ ಕೊನೆಯ ಹಾಳೆಗಳಲ್ಲಿ ಬರೆದುಕೊಂಡಿದ್ದೆ. ವರ್ಗವಾಗಿ ಹೊರಡುವ ದಿನ ಅದನ್ನು ನಕಲು ಮಾಡಿ ತಂದೆ. ಆ ಹಾಳೆ ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ನಿನ್ನ ಗೆರೆಯ ಚಿತ್ರವನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸು. ನನಗೆ ಗೊತ್ತಿರುವ ಹೆಸರುಗಳನ್ನು ಅದರ ಮೇಲೆ ಬರೆದು ವಾಪಸ್ ಕಳಿಸುತ್ತೇನೆ.